ಬಣ್ಣದ ಅಡಿಯಲ್ಲಿ ಮುಚ್ಚಿಟ್ಟ ಪೆಟ್ಟು: ಸೆಕೆಂಡ್ ಹ್ಯಾಂಡ್ ಜೀ ಬೀ ಕೊಳ್ಳುವವರ ಗಮನಕ್ಕೆ

ರೇಡಿಯೊ ನಿಯಂತ್ರಿತ ದೊಡ್ಡ ಮಾದರಿ ವಿಮಾನವನ್ನು, ಅದರಲ್ಲೂ ರೆಕ್ಕೆಗೆ ತಂತಿ ಬಿಗಿದ ಹಳೆಯ ರೇಸ್ ವಿಮಾನದ ಮಾದರಿಯನ್ನು, ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕೊಂಡ ಜೀ ಬೀ ಆರ್-2 ಮಾದರಿಯ ಎಡ ರೆಕ್ಕೆ ಹಾರಾಟದ ನಡುವೆಯೇ ಮಡಚಿಕೊಂಡು ವಿಮಾನ ನೆಲಕ್ಕೆ ಅಪ್ಪಳಿಸಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಗಾಳಿಯ ಹೊಡೆತವಾಗಲಿ, ರೇಡಿಯೊ ಕೈಕೊಟ್ಟದ್ದಾಗಲಿ ಇದಕ್ಕೆ ಕಾರಣವಲ್ಲ. ಹಿಂದಿನ ಮಾಲೀಕರು ಒಂದು ಹಳೆಯ ಅಪಘಾತವನ್ನು ಮೇಲಿನಿಂದ ಮೇಲೆ ಸರಿಮಾಡಿ, ಮುಚ್ಚಿಟ್ಟು, ನನಗೆ ಮಾರಿದ್ದರು.

ಜೀ ಬೀ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. 1930ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಗ್ರ್ಯಾನ್‌ವಿಲ್ ಸಹೋದರರು ಕಟ್ಟಿದ ರೇಸ್ ವಿಮಾನಗಳವು. ದಪ್ಪನೆಯ ಪೀಪಾಯಿಯಂಥ ಒಡಲು, ಗಿಡ್ಡ ಬಾಲ, ಮೋಟು ರೆಕ್ಕೆ, ಬಾಲಕ್ಕೆ ಅಂಟಿಕೊಂಡಂತೆ ಹಿಂದಕ್ಕೆ ಸರಿದ ಪೈಲಟ್ ಆಸನ. 1932ರ ಸೆಪ್ಟೆಂಬರ್‌ನಲ್ಲಿ ಪೈಲಟ್ ಜಿಮ್ಮಿ ಡೂಲಿಟಲ್, ಆರ್-2ರ ಜೋಡಿ ವಿಮಾನವಾದ ಆರ್-1ರಲ್ಲಿ ಗಂಟೆಗೆ ಸುಮಾರು 477 ಕಿಲೋಮೀಟರ್ ವೇಗದಲ್ಲಿ ಹಾರಿ ನೀರಿನಿಂದಲ್ಲದೆ ನೆಲದ ಮೇಲಿಂದ ಏರುವ ವಿಮಾನಗಳ ವೇಗದ ವಿಶ್ವ ದಾಖಲೆ ಬರೆದರು. ಅದಾದ ಎರಡು ದಿನಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ವಿಮಾನ ರೇಸಿನ ಥಾಂಪ್ಸನ್ ಟ್ರೋಫಿಯನ್ನೂ ಗೆದ್ದರು. ಗೆಲುವಿನ ಜೊತೆಗೆ ಸಾವಿನ ಕಥೆಯೂ ಈ ವಂಶಕ್ಕೆ ಅಂಟಿಕೊಂಡಿದೆ. ಅದಕ್ಕೂ ಮುಂಚೆ, 1931ರ ಡಿಸೆಂಬರ್‌ನಲ್ಲಿ, ಇದೇ ಕಾರ್ಖಾನೆಯ ಮಾಡೆಲ್ ಝಡ್ ವಿಮಾನದಲ್ಲಿ ದಾಖಲೆಗೆ ಯತ್ನಿಸುತ್ತಿದ್ದ ಲೋವೆಲ್ ಬೇಲ್ಸ್ ಅವರು ರೆಕ್ಕೆ ಮುರಿದು ತೀರಿಕೊಂಡರು. 1933ರಲ್ಲಿ ಆರ್-1ರ ಅಪಘಾತದಲ್ಲಿ ರಸೆಲ್ ಬೋರ್ಡ್‌ಮನ್ ಪ್ರಾಣ ಕಳೆದುಕೊಂಡರು.

ಇಂಥ ವಿಮಾನ ಮಾದರಿಯಾಗಿ ಎಲ್ಲರನ್ನೂ ಸೆಳೆಯುವುದು ಸಹಜ. ಕೆಂಪು ಬಿಳುಪಿನ ಆ ಅಲೆಯಂಚಿನ ಬಣ್ಣ ಕಂಡರೆ ನನಗೆ ಈಗಲೂ ಕಣ್ಣು ಕೀಳಲು ಆಗುವುದಿಲ್ಲ. ಮೂಲ ವಿಮಾನದ ರೆಕ್ಕೆಯಗಲ (ತುದಿಯಿಂದ ತುದಿಗೆ) ಸುಮಾರು 7.6 ಮೀಟರ್, ಮೂರನೇ ಒಂದರ ಅಳತೆಗೆ ಇಳಿಸಿದರೂ ಎರಡೂವರೆ ಮೀಟರ್ ಆಗುತ್ತದೆ. ನಾನು ಕೊಂಡದ್ದು ಅದೇ ಅಳತೆಯದು. ಪೆಟ್ರೋಲ್ ಎಂಜಿನ್, ಬ್ಯಾಟರಿ, ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರ್) ಎಲ್ಲ ಸೇರಿ 16 ಕೆ.ಜಿ. ತೂಗುತ್ತಿತ್ತು.

ಆ 16 ಕೆ.ಜಿ. ಎಂಬುದನ್ನು ಹಗುರವಾಗಿ ಕಾಣಬೇಡಿ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರಲ್ಲಿರುವ ಶಕ್ತಿ, ಅಷ್ಟೇ ತೂಕದ ವಸ್ತುವನ್ನು ಸುಮಾರು 57 ಮೀಟರ್ ಎತ್ತರದಿಂದ ಕೆಡವಿದಾಗ ನೆಲ ಮುಟ್ಟುವ ಹೊತ್ತಿಗೆ ಬರುವ ಶಕ್ತಿಗೆ ಸಮ. ಮುಂದೆ ತಿರುಗುತ್ತಿರುವ ಪ್ರೊಪೆಲ್ಲರ್, ಒಳಗೆ ಪೆಟ್ರೋಲ್. ಇಂಥದ್ದೊಂದು ವಸ್ತುವಿನ ವಿಷಯದಲ್ಲಿ ಮಾರುವವರು ಸುಳ್ಳು ಹೇಳಿದರೆ ಅದನ್ನು ವ್ಯಾಪಾರದ ಚಾಲಾಕಿತನ ಎಂದು ನಾನು ಕರೆಯಲಾರೆ. ಇನ್ನೊಬ್ಬರ ಜೀವದ ಜೊತೆ ಆಡಿದ ಆಟ ಅದು.

ಕೊಳ್ಳುವ ಮುನ್ನ ನಾನು ನೇರವಾಗಿ ಕೇಳಿದ್ದೆ: ಎಂದಾದರೂ ಬಿದ್ದಿದೆಯೇ? ರೆಕ್ಕೆ, ಚಕ್ರದ ಕಾಲು, ಎಂಜಿನ್ ಕೂರುವ ಹಲಗೆ, ಇವುಗಳಲ್ಲಿ ಯಾವುದಾದರೂ ರಿಪೇರಿ ಆಗಿದೆಯೇ? ಇಲ್ಲವೆಂದು ಬರಹದಲ್ಲೇ ಉತ್ತರ ಬಂತು. ರೆಕ್ಕೆಯ ಹೊದಿಕೆ ಹೊಸದಾಗಿ ಕಾಣುತ್ತಿದೆಯಲ್ಲ ಎಂದದ್ದಕ್ಕೆ, ಬಿಸಿಲಿಗೆ ಬಣ್ಣ ಮಾಸಿತ್ತು, ಅದಕ್ಕೆ ಹೊಸದು ಹಾಕಿಸಿದೆ ಎಂದರು. ನಂಬದಿರಲು ಕಾರಣವಿರಲಿಲ್ಲ, ಹೊದಿಕೆಯ ತೆಳು ಪ್ಲಾಸ್ಟಿಕ್ ಫಿಲ್ಮ್ ಮಾಸುವುದು, ಬದಲಾಯಿಸುವುದು ಎಲ್ಲರೂ ಮಾಡುವ ಕೆಲಸವೇ.

ಮನೆಗೆ ತಂದ ಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಗುರುತ್ವ ಕೇಂದ್ರವನ್ನು ನಾನೇ ಅಳೆದೆ. ಬಾಲ ಗಿಡ್ಡವಾದ ಈ ವಿಮಾನದಲ್ಲಿ ಅದು ಒಂದು ಬೆರಳಿನಷ್ಟು ಹಿಂದೆ ಸರಿದರೂ ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಹಿಡಿತಕ್ಕೆ ಸಿಗುವುದಿಲ್ಲ. ಸರ್ವೋಗಳನ್ನು ಒಂದೊಂದಾಗಿ ಕೈಯಲ್ಲಿ ತಡೆದು ನೋಡಿದೆ, ವಿಮಾನದೊಳಗಿನ ರೇಡಿಯೊ ರಿಸೀವರ್‌ಗೆ ಎರಡು ಬೇರೆ ಬೇರೆ ಬ್ಯಾಟರಿಗಳಿಂದ ವಿದ್ಯುತ್ ಕೊಟ್ಟೆ, ಎಂಜಿನ್ ಓಡಿಸಿಕೊಂಡೇ ರೇಡಿಯೊದ ವ್ಯಾಪ್ತಿ ಪರೀಕ್ಷಿಸಿದೆ. ತಂತಿಗಳು ಬಿಗಿಯಾಗಿದ್ದವು. ಬೆರಳಿನಿಂದ ಮೀಟಿದರೆ ಎರಡೂ ಬದಿ ಒಂದೇ ಸ್ವರ ಬರುತ್ತಿತ್ತು.

ಹಾರಾಟದ ದಿನ ಗಾಳಿ ಇರಲಿಲ್ಲ. ವಿಮಾನ ಚೆನ್ನಾಗಿ ಏರಿತು. ಜೀ ಬೀ ನೆಲ ಬಿಡುವಾಗ ಎಡಕ್ಕೆ ಎಳೆಯುತ್ತದೆ, ರಡರ್ (ಮೂತಿಯನ್ನು ಎಡ ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ನಿಯಂತ್ರಣದ ಮೇಲೆ ಬೆರಳು ಇರಲೇಬೇಕು. ಅದನ್ನು ದಾಟಿದ ಮೇಲೆ ನೇರ ಹಾರಾಟ, ಸಣ್ಣ ತಿರುವುಗಳು ಎಲ್ಲವೂ ಸಲೀಸಾಗಿದ್ದವು. ಆಮೇಲೆ ರೇಸಿನಲ್ಲಿ ಹಾದಿ ಗುರುತಿಸುವ ಕಂಬಗಳನ್ನು ಸುತ್ತುವ ರೀತಿಯಲ್ಲಿ, ರೆಕ್ಕೆಯನ್ನು ಚೆನ್ನಾಗಿ ವಾಲಿಸಿ ಒಂದು ತಿರುವು ತೆಗೆದುಕೊಂಡೆ. ಈ ವಿಮಾನ ಹುಟ್ಟಿದ್ದೇ ಅದಕ್ಕಾಗಿ, ಮಾದರಿಯ ನಕ್ಷೆಯಲ್ಲೂ ಅದಕ್ಕೆ ಅನುಮತಿ ಇದೆ. ತಿರುವಿನ ಅರ್ಧದಲ್ಲಿ ಚಟ್ ಎಂಬ ಸದ್ದು ಎಂಜಿನ್ನಿನ ಗದ್ದಲವನ್ನೂ ಮೀರಿ ಕೇಳಿಸಿತು. ಎಡ ರೆಕ್ಕೆ ಬುಡದಲ್ಲೇ ಮೇಲಕ್ಕೆ ಮಡಚಿ ಒಡಲಿಗೆ ತಾಗಿತು. ತಕ್ಷಣ ಎಂಜಿನ್ ನಿಲ್ಲಿಸುವ ಸ್ವಿಚ್ ಒತ್ತಿದೆ. ಬೇರೆ ಏನನ್ನೂ ಮಾಡಲು ಉಳಿದಿರಲಿಲ್ಲ. ಸುರುಳಿ ಸುತ್ತುತ್ತ ಬಂದು ಮೈದಾನದಾಚೆಯ ಖಾಲಿ ಜಾಗದಲ್ಲಿ ಬಿತ್ತು. ಎಂಜಿನ್ ಗಾಳಿಯಲ್ಲೇ ನಿಂತಿದ್ದರಿಂದ ಬೆಂಕಿ ಹತ್ತಲಿಲ್ಲ ಎಂದೇ ನನ್ನ ನಂಬಿಕೆ. ದೊಡ್ಡ ಪೆಟ್ರೋಲ್ ಮಾದರಿ ಹಾರಿಸುವವರು ಇಗ್ನಿಷನ್ (ಎಂಜಿನ್ನಿನ ಕಿಡಿ) ಕಡಿಯುವ ಪ್ರತ್ಯೇಕ ಸ್ವಿಚ್ಚನ್ನು ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್‌ನಲ್ಲಿ ಬೆರಳಿಗೆ ಸಿಗುವ ಕಡೆ ಇಟ್ಟುಕೊಳ್ಳಿ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಚೂರುಗಳನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಸತ್ಯ ಹೊರಬಂತು. ಎಡ ರೆಕ್ಕೆಯ ಅಡಿಭಾಗದಲ್ಲಿ ತಂತಿ ಸಿಕ್ಕಿಸುವ ಲೋಹದ ಪಟ್ಟಿ ಇರುತ್ತದೆ. ತಂತಿ ತುಂಡಾಗಿರಲಿಲ್ಲ, ಪಟ್ಟಿ ಬಾಗಿರಲಿಲ್ಲ, ಅದರ ನಾಲ್ಕೂ ಸ್ಕ್ರೂಗಳು ಗಟ್ಟಿಯಾಗಿಯೇ ಇದ್ದವು. ಆದರೆ ಆ ಸ್ಕ್ರೂಗಳು ಕಚ್ಚಿಕೊಂಡಿದ್ದದ್ದು ಬೆಂಕಿಪೊಟ್ಟಣದಷ್ಟು ಪ್ಲೈವುಡ್ ತುಂಡನ್ನು ಮಾತ್ರ. ಅದರ ಅಂಚು ಮುರಿದ ಮರದಂತೆ ಸಿಬಿರು ಸಿಬಿರಾಗಿರಲಿಲ್ಲ. ಗರಗಸದಲ್ಲಿ ಕೊಯ್ದಂತೆ ನುಣುಪಾಗಿತ್ತು. ಸುತ್ತ ಬಿಳಿಯ ಫಿಲ್ಲರ್ (ಸಂದು ತುಂಬುವ ಮೆತ್ತೆ). ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ನಕ್ಷೆಯ ಪ್ರಕಾರ ಅಲ್ಲಿ ರೆಕ್ಕೆಯ ಎರಡು ಅಡ್ಡ ಪಕ್ಕೆಗಳ ನಡುವೆ ಸ್ಪಾರ್‌ಗೆ (ರೆಕ್ಕೆಯುದ್ದದ ಮುಖ್ಯ ತೊಲೆಗೆ) ಅಂಟಿದ ಒಂದೇ ದಪ್ಪ ಹಲಗೆ ಇರಬೇಕಿತ್ತು. ಫಿಲ್ಮನ್ನು ಸುಲಿದರೆ ಕೆಳಗೆ ಹಳೆಯ ಫಿಲ್ಮಿನ ಚೂರುಗಳು, ಅವುಗಳ ಮೇಲೆ ರೆಕ್ಕೆ ಹಿಂದೊಮ್ಮೆ ಬಾಗಿದ್ದಕ್ಕೆ ಸಾಕ್ಷಿಯಾಗಿ ಓರೆಯಾದ ಸುಕ್ಕು.

ಚಕ್ರದ ಕಾಲು ಕೂರುವ ಜಾಗವನ್ನೂ ಬಿಚ್ಚಿದೆ. ಅಲ್ಲಿನ ಮರ ಎಂಜಿನ್ ಎಣ್ಣೆ ಕುಡಿದು ಕಪ್ಪಾಗಿತ್ತು. ಅದರ ಮೇಲೆಯೇ ಎಪಾಕ್ಸಿ ಅಂಟು ಸುರಿದು ಹೊಸ ದಿಮ್ಮಿ ಅಂಟಿಸಿದ್ದರು. ಎಣ್ಣೆ ಹೀರಿದ ಮರಕ್ಕೆ ಎಪಾಕ್ಸಿ ಕಚ್ಚುವುದಿಲ್ಲ. ಆ ಅಂಟು ಒಂದೇ ಹಾಳೆಯಾಗಿ, ಬೆರಳಲ್ಲಿ ಎತ್ತಿದರೆ ಎದ್ದು ಬಂತು.

ಎರಡನ್ನೂ ಜೋಡಿಸಿದರೆ ನಡೆದದ್ದು ಸ್ಪಷ್ಟ. ಜೀ ಬೀಯಲ್ಲಿ ರೆಕ್ಕೆಯನ್ನು ಕೆಳಗಿನಿಂದ ಹಿಡಿಯುವ ತಂತಿಗಳು ಬಂದು ಸೇರುವುದು ಚಕ್ರದ ಕಾಲಿಗೆ. ಹಾಗಾಗಿ ಜೋರಾಗಿ ಇಳಿದು ಕಾಲು ಹಿಂದಕ್ಕೆ ಸರಿದರೆ, ತಂತಿ ರೆಕ್ಕೆಯೊಳಗಿನ ಹಲಗೆಯನ್ನೂ ಕಿತ್ತುಕೊಂಡು ಹೋಗುತ್ತದೆ. ನೆಲದ ಮೇಲಿನ ಪೆಟ್ಟು ನೇರವಾಗಿ ರೆಕ್ಕೆಯ ಪೆಟ್ಟಾಗುವ ವಿನ್ಯಾಸ ಇದು. ಈ ವಿಮಾನ ಇಳಿಯುವಾಗ ವೇಗ ಹೆಚ್ಚು, ಸ್ವಲ್ಪ ನಿಧಾನವಾದರೆ ಒಂದು ರೆಕ್ಕೆ ಜಾರುತ್ತದೆ. ಆದ್ದರಿಂದ ಕೆಟ್ಟ ಇಳಿತಗಳು ಅಪರೂಪವಲ್ಲ. ಕೆಟ್ಟದಾಗಿ ಇಳಿದದ್ದು ತಪ್ಪಲ್ಲ. ಅದರಿಂದಾದ ಹಾನಿಯನ್ನು ಮುಚ್ಚಿ ಮಾರಿದ್ದು ಅಕ್ಷಮ್ಯ.

ತಂತಿಗಳು ಬರೀ ಅಂದಕ್ಕೆ ಎಂದುಕೊಂಡಿರುವವರು ಈ ಲೆಕ್ಕವನ್ನು ಗಮನಿಸಿ. ಎತ್ತರ ಬಿಟ್ಟುಕೊಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹೊರಬೇಕಾದದ್ದು ವಿಮಾನದ ತೂಕದ ಎರಡರಷ್ಟು. 75 ಡಿಗ್ರಿಯಲ್ಲಿ ಅದು ಸುಮಾರು ನಾಲ್ಕರಷ್ಟಾಗುತ್ತದೆ. 16 ಕೆ.ಜಿ. ಮಾದರಿಗೆ 60 ಕೆ.ಜಿ.ಗೂ ಮೇಲೆ, ಅಂದರೆ ಪ್ರತಿ ರೆಕ್ಕೆಗೆ 30 ಕೆ.ಜಿ.ಗಿಂತ ಹೆಚ್ಚು. ತಂತಿ ನೆಟ್ಟಗೆ ಕೆಳಕ್ಕೆ ಎಳೆಯುವುದಿಲ್ಲ, ರೆಕ್ಕೆಗೆ ಬಹಳ ಓರೆಯಾಗಿರುತ್ತದೆ. 15 ಡಿಗ್ರಿ ಕೋನದಲ್ಲಿರುವ ತಂತಿ 1 ಕೆ.ಜಿ. ಹೊರೆ ತಡೆಯಬೇಕಾದರೆ ತಾನು ಸುಮಾರು 3.9 ಕೆ.ಜಿ. ಎಳೆತವನ್ನು ತಾಳಬೇಕು. ರೆಕ್ಕೆಯ ಅರ್ಧ ಹೊರೆ ತಂತಿಯ ಪಾಲಿಗೆ ಬಂದರೂ ಆ ಸಣ್ಣ ಲೋಹದ ಪಟ್ಟಿಯ ಮೇಲೆ 60 ಕೆ.ಜಿ. ಎಳೆತ ಬೀಳುತ್ತದೆ. ಅದನ್ನು ಹಿಡಿದಿದ್ದದ್ದು ಪುಡಿಯಾಗುವ ಫಿಲ್ಲರ್. ನೆಲದ ಮೇಲೆ ಬಿಗಿಯಾಗಿ ಮೀಟುವ ತಂತಿ ಇದನ್ನು ತೋರಿಸಿಕೊಡುವುದಿಲ್ಲ, ಏಕೆಂದರೆ ಬಿಗಿ ಮಾಡಲು ಬೇಕಾದ ಎಳೆತ ಬಹಳ ಕಡಿಮೆ.

ಕೆಲವು ಮಾದರಿಗಳಲ್ಲಿ ತಂತಿ ನಿಜಕ್ಕೂ ಅಂದಕ್ಕೇ ಇರುತ್ತದೆ. ರೆಕ್ಕೆಯೊಳಗೆ ಹಾದುಹೋಗುವ ಅಲ್ಯೂಮಿನಿಯಂ ಅಥವಾ ಕಾರ್ಬನ್ ಕೊಳವೆಯೇ ಪೂರ್ತಿ ಹೊರೆ ಹೊರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ನಿಮ್ಮದು ಯಾವುದು ಎಂದು ನಕ್ಷೆ ಅಥವಾ ಕಿಟ್ ಪುಸ್ತಿಕೆ ನೋಡಿಯೇ ತಿಳಿಯಬೇಕು. ಅದು ಇಲ್ಲವೆಂದು ಮಾರುವವರು ಹೇಳಿದರೆ ತಂತಿ ಹೊರೆ ಹೊರುತ್ತದೆ ಎಂದೇ ಇಟ್ಟುಕೊಂಡು ಪರೀಕ್ಷಿಸಿ.

ಪರೀಕ್ಷೆ ಹೇಗೆ? ಮೊದಲು ಹೊಸ ಹೊದಿಕೆಯನ್ನು ಅನುಮಾನಿಸಿ. ಬಣ್ಣದ ಅಂಚುಗಳು ಎರಡೂ ರೆಕ್ಕೆಗಳಲ್ಲಿ ಒಂದೇ ಜಾಗದಲ್ಲಿವೆಯೇ ಎಂದು ಟೇಪ್ ಹಿಡಿದು ಅಳೆಯಿರಿ. ರೆಕ್ಕೆಯ ಉದ್ದಕ್ಕೂ ನಾಣ್ಯದಿಂದ ತಟ್ಟುತ್ತ ಹೋಗಿ: ಗಟ್ಟಿ ಮರ, ಟೊಳ್ಳು, ಫಿಲ್ಲರ್ ಮೂರಕ್ಕೂ ಬೇರೆ ಬೇರೆ ಸದ್ದು ಇದೆ, ಎಡ ಬಲ ಹೋಲಿಸಿದರೆ ಕಿವಿಗೆ ಗೊತ್ತಾಗುತ್ತದೆ. ರೆಕ್ಕೆಗಳನ್ನು ಪ್ರತ್ಯೇಕವಾಗಿ ತೂಗಿ. ಒಂದು ಕಡೆ ಗಣನೀಯವಾಗಿ ಭಾರವಿದ್ದರೆ ಒಳಗೆ ಏನೋ ತುಂಬಿದ್ದಾರೆ. ಕೊಳವೆಯನ್ನು ಹೊರಗೆಳೆದು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಅಲ್ಲೇ ಕಾಣುತ್ತದೆ. ಮುಖ್ಯವಾಗಿ, ತಂತಿಯ ಪಟ್ಟಿಗಳ ಸುತ್ತಲಿನ ಹೊದಿಕೆಯನ್ನು ಅಂಗೈ ಅಗಲ ಸುಲಿದು ಮರವನ್ನು ಕಣ್ಣಾರೆ ನೋಡಿ. ಇದಕ್ಕೆ ಮಾರುವವರು ಒಪ್ಪದಿದ್ದರೆ, ಸುಲಿದ ಜಾಗವನ್ನು ಮತ್ತೆ ಹೊದಿಸುವ ಖರ್ಚು ನನ್ನದು ಎನ್ನಿ. ಆಗಲೂ ಒಪ್ಪದಿದ್ದರೆ ಕೊಳ್ಳಬೇಡಿ.

ಚಕ್ರದ ಮುಸುಕು, ಎಂಜಿನ್ ಮುಸುಕು ಎರಡನ್ನೂ ಕಳಚಿಸಿ. ಟಾರ್ಚ್ ಬಿಟ್ಟು ಎಂಜಿನ್ ಹಲಗೆಯ ಮೂಲೆಗಳನ್ನು, ಕಾಲಿನ ದಿಮ್ಮಿಯನ್ನು ನೋಡಿ. ಕಪ್ಪಾದ ಮರದ ಮೇಲೆ ಹೊಳೆಯುವ ಹೊಸ ಅಂಟು ಕಂಡರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಾರಿದವರಿಗೆ ಫೋಟೊಗಳನ್ನೆಲ್ಲ ಕಳುಹಿಸಿದೆ. ಮೊದಲು ನಾನು ಜೋರಾಗಿ ತಿರುಗಿಸಿದೆನೆಂದರು, ಆಮೇಲೆ ತಾವು ಕೊಳ್ಳುವಾಗಲೇ ಹಾಗಿತ್ತೇನೋ ಎಂದರು, ಈಗ ಉತ್ತರವೇ ಇಲ್ಲ. ಹಣ ಹೋಯಿತು, ಅದು ನನ್ನ ನೋವು. ಅದಕ್ಕಿಂತ ಹೆಚ್ಚಾಗಿ ಕಾಡುವುದು ಬೇರೆ: ಆ ತಿರುವನ್ನು ಅತ್ತ ಕಡೆ ತೆಗೆದುಕೊಳ್ಳದೆ, ಜನ ನಿಂತಿದ್ದ ಇತ್ತ ಕಡೆ ತೆಗೆದುಕೊಂಡಿದ್ದರೆ?

ತಂತಿ ಬಿಗಿದ ರೆಕ್ಕೆಯ ಯಾವುದೇ ದೊಡ್ಡ ಮಾದರಿಯನ್ನು ಈಗಾಗಲೇ ಬೇರೆಯವರಿಂದ ಕೊಂಡು ಹಾರಿಸುತ್ತಿರುವವರಿಗೆ ನನ್ನ ಕೋರಿಕೆ: ಮುಂದಿನ ಹಾರಾಟಕ್ಕೆ ಮುನ್ನ ತಂತಿಯ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ, ಅವು ಯಾವ ಮರವನ್ನು ಕಚ್ಚಿಕೊಂಡಿವೆ ಎಂದು ನೋಡಿ. ಸ್ಕ್ರೂವಿನ ಎಳೆಗಳಲ್ಲಿ ಮರದ ಪುಡಿಯ ಬದಲು ಬಿಳಿ ಹಿಟ್ಟು ಬಂದರೆ ವಿಮಾನವನ್ನು ನೆಲದ ಮೇಲೆಯೇ ಇರಿಸಿ, ರೆಕ್ಕೆಯ ಅಡಿ ಹೊದಿಕೆಯನ್ನು ಪೂರ್ತಿ ಬಿಚ್ಚಿ.