ದಾವಣಗೆರೆಯಿಂದ ಬೆಂಗಳೂರಿಗೆ: ಮೂರು ರೈಲು, ಒಂದು ಬಸ್ಸು, ಒಂದು ವರ್ಷದ ಓಡಾಟ

ಕಳೆದೊಂದು ವರ್ಷದಿಂದ ತಿಂಗಳಿಗೊಮ್ಮೆಯಾದರೂ ಬೆಂಗಳೂರಿಗೆ ಹೋಗಿಬರುತ್ತಿದ್ದೇನೆ. ಅಂಗಡಿಗೆ ಜವಳಿ ತರಲು ಚಿಕ್ಕಪೇಟೆಗೆ ಹೋಗಬೇಕು, ಅವ್ವನ ಕಣ್ಣಿನ ತಪಾಸಣೆಗೆ ಆಸ್ಪತ್ರೆಗೆ ಹೋಗಬೇಕು. ವಂದೇ ಭಾರತ್, ಜನಶತಾಬ್ದಿ, ರಾಣಿ ಚೆನ್ನಮ್ಮ, ಸರ್ಕಾರಿ ಬಸ್ಸು ಎಲ್ಲದರಲ್ಲೂ ಕೂತು ನೋಡಿದ್ದಾಯ್ತು. ಯಾವುದು ಒಳ್ಳೆಯದು ಅಂತ ಅಂಗಡಿಗೆ ಬರುವವರು ಕೇಳುತ್ತಲೇ ಇರುತ್ತಾರೆ. ಮೊದಮೊದಲು ವೇಗ ಮತ್ತು ದರ ಎರಡನ್ನೇ ಹೇಳುತ್ತಿದ್ದೆ. ಈಗ ಮೊದಲು ಕೇಳುವುದು, "ಅಲ್ಲಿ ನಿಮಗೆ ಎಷ್ಟು ಗಂಟೆಗೆ ಕೆಲಸ?" ಅಂತ.

ವಂದೇ ಭಾರತ್‌ನಿಂದಲೇ ಶುರು ಮಾಡುತ್ತೇನೆ. ನಮ್ಮ ಹಳಿಯ ಮೇಲೆ ಎರಡು ಜೋಡಿ ಓಡುತ್ತಿವೆ. ಮೊದಲನೆಯದು 2023ರ ಜೂನ್ 27ರಂದು ಶುರುವಾದ ಬೆಂಗಳೂರು–ಧಾರವಾಡ ಗಾಡಿ. ಎರಡನೆಯದು 2025ರ ಆಗಸ್ಟ್ 10ರಂದು ಶುರುವಾದ ಬೆಳಗಾವಿ–ಬೆಂಗಳೂರು ಗಾಡಿ. ಈ ಎರಡನೆಯದು ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನು. ಬೆಳಗಿನ ಜಾವ 5:20ಕ್ಕೆ ಬೆಳಗಾವಿ ಬಿಟ್ಟು ಒಂಬತ್ತೂವರೆ ಸುಮಾರಿಗೆ ದಾವಣಗೆರೆಗೆ ಬರುತ್ತದೆ. ಅವ್ವನಿಗೆ ಸ್ನಾನ, ಪೂಜೆ, ನಾಷ್ಟಾ ಎಲ್ಲ ಮುಗಿಸಿ ಹೊರಡಲು ಪುರುಸೊತ್ತು. ಕೂತರೆ ಅಲುಗಾಟ ಇಲ್ಲ, ಶೌಚಾಲಯ ಚೊಕ್ಕಟ. ತಾನಾಗಿ ತೆರೆದುಕೊಳ್ಳುವ ಬಾಗಿಲು ನೋಡಿ ಅವ್ವ ಮಗುವಿನ ಹಾಗೆ ನಕ್ಕಳು. ಊಟ ಬೇಡವೆಂದು ಬುಕ್ ಮಾಡುವಾಗಲೇ ಬಿಟ್ಟಿದ್ದೆವು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂತೆವು.

ಬೆಂಗಳೂರು ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆಗೆ ಹತ್ತು ನಿಮಿಷ ಕಮ್ಮಿ. ಆಸ್ಪತ್ರೆಯ ಹೊರರೋಗಿ ಚೀಟಿ ಕೊಡುವುದು ಬೆಳಿಗ್ಗೆ ಮಾತ್ರ. ಅದೇ ಗಾಡಿ 2:20ಕ್ಕೆ ಬೆಳಗಾವಿಗೆ ತಿರುಗಿ ಹೊರಡುತ್ತದೆ, ಅಂದರೆ ಅದರಲ್ಲೇ ಹೋಗಿ ಅದರಲ್ಲೇ ಬರುವವನಿಗೆ ಬೆಂಗಳೂರಿನಲ್ಲಿ ಸಿಗುವುದು ಅರ್ಧ ಗಂಟೆ. ಆ ರಾತ್ರಿ ಮೆಜೆಸ್ಟಿಕ್ ಬಳಿ ಲಾಡ್ಜ್ ಮಾಡಿದೆವು. ಇಬ್ಬರ ಟಿಕೆಟ್ಟಿನ ಮುಕ್ಕಾಲು ಪಾಲಿನಷ್ಟು ಮತ್ತೆ ಅದಕ್ಕೇ ಹೋಯಿತು. ಮಲಗುವಾಗ ಅವ್ವ ಅಂದಳು: "ಗಾಡಿ ಚಲೋ ಐತಪ್ಪಾ, ಟೈಮು ನಮ್ದಲ್ಲ."

ಆ ಮಾತು ತಲೆಯಲ್ಲಿ ಉಳಿಯಿತು. ಊರಿಗೆ ಬಂದು ಧಾರವಾಡದ ಗಾಡಿಯ ವೇಳೆಯನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅದು ಬೆಂಗಳೂರು ಬಿಡುವುದು ಬೆಳಿಗ್ಗೆ 5:45ಕ್ಕೆ, ದಾವಣಗೆರೆಗೆ ಬರುವುದು ಒಂಬತ್ತು ದಾಟಿದ ಮೇಲೆ. ತಿರುಗಿ ಬೆಂಗಳೂರಿಗೆ ಹೋಗುವಾಗ ಮಧ್ಯಾಹ್ನ ಮೂರೂವರೆ ನಾಲ್ಕರ ನಡುವೆ ಇಲ್ಲಿರುತ್ತದೆ. ಬೆಂಗಳೂರಿನವರೊಬ್ಬರು ಬೆಳಿಗ್ಗೆ ಹೊರಟು ದಾವಣಗೆರೆಯಲ್ಲಿ ಆರು ಗಂಟೆ ಕೆಲಸ ಮಾಡಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ದಾವಣಗೆರೆಯವನು ಬೆಂಗಳೂರಿಗೆ ಹೀಗೆ ಹೋಗಿಬರಲು ಈ ಎರಡು ಗಾಡಿಗಳಲ್ಲಿ ಯಾವುದೂ ಒದಗುವುದಿಲ್ಲ. ಇಬ್ಬರೂ ಕೊಡುವ ಹಣ ಒಂದೇ.

ಜನಶತಾಬ್ದಿಯದೂ ಇದೇ ದಿಕ್ಕು. ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟು ಹುಬ್ಬಳ್ಳಿಗೆ ಹೋಗಿ ಮಧ್ಯಾಹ್ನ ಹಿಂದಿರುಗುತ್ತದೆ. ಆದರೂ ನನ್ನ ಲೆಕ್ಕದಲ್ಲಿ ಹಣಕ್ಕೆ ತಕ್ಕ ಗಾಡಿ ಇದೇ. ವಂದೇ ಭಾರತ್‌ನ ಚೇರ್ ಕಾರಿಗೆ ಕೊಡುವ ಹಣದಲ್ಲಿ ಇದರ ಎರಡನೇ ದರ್ಜೆಯಲ್ಲಿ ನಾಲ್ಕೈದು ಜನ ಹೋಗಬಹುದು, ಸಮಯದಲ್ಲಿ ಹೆಚ್ಚೆಂದರೆ ಮುಕ್ಕಾಲು ಗಂಟೆಯ ವ್ಯತ್ಯಾಸ. ಹೋಗುವುದಕ್ಕಿಂತ ಬರುವುದಕ್ಕೆ ಇದನ್ನು ಇಟ್ಟುಕೊಂಡಿದ್ದೇನೆ. ಚಿಕ್ಕಪೇಟೆಯಲ್ಲಿ ಖರೀದಿ ಮುಗಿಸಿ ರಾಜಾಜಿನಗರದ ಅಕ್ಕನ ಮನೆಯಲ್ಲಿ ಮಲಗಿ, ಬೆಳಿಗ್ಗೆ ಯಶವಂತಪುರದಲ್ಲಿ ಹತ್ತಿದರೆ ಹತ್ತೂವರೆಗೆ ಊರಲ್ಲಿರುತ್ತೇನೆ. ಸ್ಟೇಷನ್ನಿನಿಂದ ನೇರ ಅಂಗಡಿಗೆ ಹೋಗಿ ಬಾಗಿಲು ತೆಗೆದದ್ದೂ ಉಂಟು.

ಹೋಗುವುದಕ್ಕೆ ರಾಣಿ ಚೆನ್ನಮ್ಮ. ನಮ್ಮ ಭಾಗದ ಅರ್ಧ ಜನ ಆಸ್ಪತ್ರೆ, ಕೋರ್ಟು, ಸಂದರ್ಶನ, ವೀಸಾ ಅಂತ ಬೆಂಗಳೂರಿಗೆ ಹೋಗುವುದು ಈ ರಾತ್ರಿ ಗಾಡಿಯಲ್ಲೇ. ಇದು ಸೂಪರ್‌ಫಾಸ್ಟ್ ಅಲ್ಲವಾದ್ದರಿಂದ ಸ್ಲೀಪರ್ ಟಿಕೆಟ್ಟಿನ ಮೇಲೆ ಆ 30 ರೂಪಾಯಿ ಸರ್ಚಾರ್ಜೂ ಬೀಳುವುದಿಲ್ಲ. ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದರೆ ಇಡೀ ದಿನ ಕೈಯಲ್ಲಿರುತ್ತದೆ. ಕಷ್ಟವೆಲ್ಲ ಹತ್ತುವ ಹೊತ್ತಿನದು. ಗಾಡಿ ದಾವಣಗೆರೆಗೆ ಬರುವುದು ನಡುರಾತ್ರಿ ದಾಟಿದ ಮೇಲೆ. ಹನ್ನೊಂದೂವರೆಗೇ ಅವ್ವನನ್ನು ಕರೆದುಕೊಂಡು ಹೋಗಿ ಪ್ಲಾಟ್‌ಫಾರಂನ ಕಲ್ಲು ಬೆಂಚಿನ ಮೇಲೆ ಕೂರಿಸಿ, ತಲೆಗೆ ಸೆರಗು, ಮೇಲೆ ಶಾಲು ಹೊದಿಸಿ, ಮೊಬೈಲಿನಲ್ಲಿ ಗಾಡಿ ಎಲ್ಲಿದೆ ಎಂದು ನೋಡುತ್ತಾ ಕೂರುತ್ತೇನೆ. ಹರಿಹರ ಬಿಟ್ಟಿತು ಎಂದ ಕೂಡಲೇ ಅವ್ವ ಎದ್ದು ನಿಲ್ಲುತ್ತಾಳೆ, ಇನ್ನೂ ಹದಿನಾಲ್ಕು ಕಿ.ಮೀ. ಇದೆ ಎಂದರೂ ಕೇಳುವುದಿಲ್ಲ. ಆಮೇಲೆ ಎರಡು ನಿಮಿಷದಲ್ಲಿ ಕತ್ತಲೆಯಲ್ಲಿ ಬೋಗಿ ಹುಡುಕಬೇಕು, ಮೆಟ್ಟಿಲು ಹತ್ತಿಸಬೇಕು, ನಮ್ಮ ಬರ್ತಿನಲ್ಲಿ ಮಲಗಿದವರನ್ನು ಏಳಿಸಬೇಕು. ಒಂದು ಸಲ ಮಂಡಿ ನೋವಿನಲ್ಲಿ ಅವ್ವ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಒಳಗಿದ್ದ ಹುಡುಗರಿಬ್ಬರು ಕೈ ಹಿಡಿದು ಎಳೆದುಕೊಂಡರು. ಆ ಹುಡುಗರನ್ನು ನಾನು ಮರೆಯುವುದಿಲ್ಲ.

ಬುಕ್ ಮಾಡುವಾಗ ವಯಸ್ಸು ಸರಿಯಾಗಿ ಹಾಕಿದರೆ, 45 ದಾಟಿದ ಹೆಂಗಸರಿಗೆ ಖಾಲಿ ಇದ್ದಷ್ಟು ಕೆಳಗಿನ ಬರ್ತೇ ಸಿಗುತ್ತದೆ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದ ಮೇಲೆ ನಮ್ಮಂಥವರಿಗೆ ಅನುಕೂಲವೇ ಆಗಿದೆ. ಡಾಕ್ಟರು ಮುಂದಿನ ತಾರೀಕು ಬರೆದುಕೊಟ್ಟ ದಿನವೇ ಸೀಟು ಸಿಗುತ್ತದೆ.

ಬಸ್ಸಿನ ವಿಷಯ ಚಿಕ್ಕದು. ಅವ್ವನಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸು ಉಚಿತ. ನನಗೆ ಮಾತ್ರ 2025ರ ಜನವರಿ 5ರಿಂದ ಶೇ. 15 ಏರಿದ ದರ. ಯಾವ ಹೊತ್ತಿಗೆ ಬೇಕಾದರೂ ಸಿಗುತ್ತದೆ, ಅದೇ ಅದರ ದೊಡ್ಡಗುಣ. ಕೂತ ಮಂಡಿ ಮಡಿಸಿದಂತೆಯೇ ಆರು ಗಂಟೆ, ನೆಲಮಂಗಲ ದಾಟಿದ ಮೇಲಿನ ದಟ್ಟಣೆ ಬೇರೆ. ಅರವತ್ತೆಂಟರ ಅವ್ವನಿಗೆ ಆಗುವುದಿಲ್ಲ. ಒಮ್ಮೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಕರೆದೊಯ್ದೆ. ಮೇಲಿನ ಬರ್ತ್ ಕೊಟ್ಟರು, ದಾರಿಯಲ್ಲಿ ನಿಲ್ಲಿಸಿ ಅಂದರೆ ನಿಲ್ಲಿಸಲಿಲ್ಲ. ಮತ್ತೆ ಆ ಕಡೆ ಹೋಗಿಲ್ಲ.

ದರದ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. 2025ರ ಜುಲೈ 1ರಿಂದ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ಸಾದಾ ದರ್ಜೆಗೆ ಕಿ.ಮೀ.ಗೆ 1 ಪೈಸೆ, ಎಸಿಗೆ 2 ಪೈಸೆ ಏರಿತು. ಡಿಸೆಂಬರ್ 26ರಿಂದ ಎರಡಕ್ಕೂ ಮತ್ತೆ 2 ಪೈಸೆ. ದಾವಣಗೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 325 ಕಿ.ಮೀ. ಆಗುವುದರಿಂದ ಎರಡೂ ಸೇರಿ ಸ್ಲೀಪರಿಗೆ ಹತ್ತು ರೂಪಾಯಿ, ಎಸಿಗೆ ಹದಿಮೂರು. ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ 325ರ ಬಗ್ಗೆ. ಹೆದ್ದಾರಿಯಲ್ಲಿ ಬಸ್ಸು ಓಡುವುದು 260ರ ಆಸುಪಾಸು. ರೈಲು ಚಿಕ್ಕಜಾಜೂರು, ಬೀರೂರು, ಕಡೂರು, ಅರಸೀಕೆರೆ ಸುತ್ತಿ ತುಮಕೂರಿಗೆ ಬರುತ್ತದೆ. ದರ ಕಿ.ಮೀ. ಲೆಕ್ಕದ್ದು, ಆದ್ದರಿಂದ ಆ ಸುತ್ತಿನ ಹಣವನ್ನೂ ಪ್ರತಿ ಟಿಕೆಟ್ಟಿನಲ್ಲಿ ನಾವೇ ಕಟ್ಟುತ್ತೇವೆ. ಇದರ ಜೊತೆಗೆ 58 ದಾಟಿದ ಹೆಂಗಸರಿಗೆ ಇದ್ದ ಅರ್ಧ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಇನ್ನೂ ಬಂದಿಲ್ಲ. ಪೈಸೆಗಳ ಏರಿಕೆಗಿಂತ ಅವ್ವನ ಟಿಕೆಟ್ಟಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಅದೇ.

ಆ ಸುತ್ತು ತಪ್ಪಿಸುವ ಹಾದಿ ಕಾಗದದ ಮೇಲೆ ಬಹಳ ಹಿಂದೆಯೇ ಬಂದಿದೆ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ 191 ಕಿ.ಮೀ. ನೇರ ಮಾರ್ಗಕ್ಕೆ 2011-12ರ ರೈಲ್ವೆ ಬಜೆಟ್ಟಿನಲ್ಲೇ ಒಪ್ಪಿಗೆ ಸಿಕ್ಕಿತ್ತು. ಖರ್ಚಿನಲ್ಲಿ ರಾಜ್ಯದ್ದೂ ಪಾಲಿದೆ. ಅದು ಮುಗಿದರೆ 65 ಕಿ.ಮೀ. ಉಳಿಯುತ್ತದೆ. ಆಗ ಸಾದಾ ಎಕ್ಸ್‌ಪ್ರೆಸ್ಸಿಗೂ ಹೆಚ್ಚುಕಡಿಮೆ ಒಂದು ಗಂಟೆ ಕಮ್ಮಿ, ಟಿಕೆಟ್ಟೂ ಅಷ್ಟರಮಟ್ಟಿಗೆ ಇಳಿಯಬೇಕು. ಅದಿಲ್ಲದೆ ಗಂಟೆಗೆ 160 ಕಿ.ಮೀ. ಓಡುವ ಶಕ್ತಿಯ ಗಾಡಿಯನ್ನು ಬಳಸು ದಾರಿಯಲ್ಲಿ ಓಡಿಸುತ್ತಿದ್ದೇವೆ. ನನಗಿಂತ ಹೆಚ್ಚು ಕಾದಿರುವವರು ದುರ್ಗದವರು. ಚಿತ್ರದುರ್ಗದಲ್ಲಿರುವ ನನ್ನ ಷಡ್ಡಕರಿಗೆ ಬೆಂಗಳೂರು ರಸ್ತೆಯಲ್ಲಿ ಇನ್ನೂರು ಕಿ.ಮೀ. ರೈಲಿಗಾದರೆ ಮೊದಲು ಪಶ್ಚಿಮಕ್ಕೆ ಚಿಕ್ಕಜಾಜೂರಿಗೆ ಬಂದು ಆಮೇಲೆ ದಕ್ಷಿಣಕ್ಕೆ ತಿರುಗಬೇಕು. ಅವರು ರೈಲಿನ ಮಾತನ್ನೇ ಬಿಟ್ಟು ಬಸ್ಸು ಹತ್ತುತ್ತಾರೆ.

ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. ಒಂಟಿಹಳಿ ಇದ್ದಾಗ ಎದುರು ಗಾಡಿಗೆ ದಾರಿ ಬಿಡಲು ನಡುವಿನ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಅರ್ಧ ಗಂಟೆ ನಿಂತು, ಇಳಿದು ಕೈಕಾಲು ಚಾಚಿ, ಸೀಟಿ ಕೇಳಿ ಓಡಿ ಹತ್ತಿದ್ದು ನೆನಪಿದೆ. ಹುಬ್ಬಳ್ಳಿ–ಚಿಕ್ಕಜಾಜೂರು ನಡುವಿನ 190 ಕಿ.ಮೀ., ಅರಸೀಕೆರೆ–ತುಮಕೂರು ನಡುವಿನ 96 ಕಿ.ಮೀ. ಜೋಡಿಹಳಿಯಾದ ಮೇಲೆ, ವಿದ್ಯುತ್ ತಂತಿ ಬಂದ ಮೇಲೆ ಆ ಕಾಯುವಿಕೆ ಹೋಯಿತು. ಹಳಿಯಲ್ಲಿ ಈಗ ಜಾಗ ಇದೆ, ಹೀಗಿರುವಾಗ ಇನ್ನೊಂದು ಗಾಡಿ ಕೇಳುವುದು ಅತಿಯಾಸೆ ಅಲ್ಲ ಎಂದು ನನ್ನ ನಂಬಿಕೆ.

ಗಾಡಿ ರಾತ್ರಿ ಎಲ್ಲಿ ತಂಗುತ್ತದೋ ಬೆಳಗಿನ ಹೊತ್ತು ಆ ಊರಿನವರದು. ತೊಳೆದು, ನೀರು ತುಂಬಿಸಿ, ತಪಾಸಣೆ ಮಾಡುವ ವ್ಯವಸ್ಥೆ ದೊಡ್ಡ ನಿಲ್ದಾಣಗಳಲ್ಲಿರುವುದರಿಂದ ಗಾಡಿಗಳು ಅಲ್ಲಿಂದ ಹೊರಡುತ್ತವೆ, ನಡುವಿನ ಊರಿಗೆ ಬರುವ ಹೊತ್ತಿಗೆ ಬಿಸಿಲೇರಿರುತ್ತದೆ. ಹಾಗಾಗಿ ನಾನು ಕೇಳುವುದು ಇಷ್ಟು: ಹರಿಹರದಲ್ಲೋ ದಾವಣಗೆರೆಯಲ್ಲೋ ಒಂದು ಸಾದಾ ಇಂಟರ್‌ಸಿಟಿಯನ್ನು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ನಾಲ್ಕೂವರೆಗೆ ಬಿಡಲಿ, ಒಂಬತ್ತೂವರೆಗೆ ಯಶವಂತಪುರ ಮುಟ್ಟಲಿ, ಸಂಜೆ ಆರರ ಮೇಲೆ ಅಲ್ಲಿಂದ ತಿರುಗಲಿ. ಎಸಿ ಬೇಡ, ತಾನಾಗಿ ತೆರೆಯುವ ಬಾಗಿಲೂ ಬೇಡ. ಹೊಸ ವೇಳಾಪಟ್ಟಿಗೆ ಸಲಹೆ ಕೊಡುವ ಬಳಕೆದಾರರ ಸಮಿತಿಗಳಲ್ಲಿ ನಮ್ಮ ಕಡೆಯವರು ಇದ್ದರೆ, ನಿಲುಗಡೆ ಕೇಳುವ ಮೊದಲು ಈ ವೇಳೆಯನ್ನು ಕೇಳಲಿ. ನಾನೂ ಬರೆದು ಕೊಟ್ಟಿದ್ದೇನೆ. ಅಂಗಡಿಗೆ ಬಂದ ನಲವತ್ತು ಜನ ಅದಕ್ಕೆ ಸಹಿ ಹಾಕಿದ್ದಾರೆ.

ಅವ್ವನ ಮುಂದಿನ ತಪಾಸಣೆ ಬರುವ ತಿಂಗಳ ಎರಡನೇ ಬುಧವಾರ. ಮಂಗಳವಾರ ರಾತ್ರಿಗೆ ಚೆನ್ನಮ್ಮದಲ್ಲಿ ಕೆಳಗಿನ ಬರ್ತ್ ಸಿಕ್ಕಿದೆ. ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಈ ಸಲ ಮುಂಚೆಯೇ ನೋಡಿಟ್ಟುಕೊಂಡಿದ್ದೇನೆ. ಆ ಜಾಗಕ್ಕೆ ಹತ್ತಿರದ ಬೆಂಚಿನ ಮೇಲೇ ಕೂರಿಸುತ್ತೇನೆ.