ಬೆಡ್‌ಸೈಡ್ ಕಾಟ್ ತರುವ ಮೊದಲು ನಿಮ್ಮ ಮಂಚದ ಅಳತೆ ತೆಗೆಯಿರಿ

ಮಗಳು ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅರ್ಧ ಓದಿ ಉಡುಪಿಗೆ, ನನ್ನ ಅಮ್ಮನಿಗೆ ಫೋನ್ ಮಾಡುವವರು ನಮ್ಮ ಬಳಗದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅವಳು ಹುಟ್ಟಿದ್ದು ಮಾರ್ಚಿನಲ್ಲಿ, ಸಿಸೇರಿಯನ್. ಬಾಣಂತನದ ಮೂರು ತಿಂಗಳು ಉಡುಪಿಯ ಅಮ್ಮನ ಮನೆಯಲ್ಲಿ ಕಳೆಯಿತು. ಅಲ್ಲಿ ಮಗು ರಾತ್ರಿ ಕುಂಯ್ ಎಂದರೆ ಸಾಕು, ನಾನು ಕಣ್ಣು ಬಿಡುವುದರೊಳಗೆ ಅಮ್ಮ ಅವಳನ್ನು ಎತ್ತಿ ನನ್ನ ಮಡಿಲಿಗೆ ಹಾಕುತ್ತಿದ್ದಳು. ಜೂನಿನಲ್ಲಿ ಮಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದೆವು. ಹಾಲಿಗೆ ರಾತ್ರಿ ಮೂರು ಸಲ ಏಳುವುದು, ಬಗ್ಗಿ ಎತ್ತುವುದು, ಮತ್ತೆ ಬಗ್ಗಿ ಮಲಗಿಸುವುದು. ಒಂದೇ ವಾರಕ್ಕೆ ನನ್ನ ಸೊಂಟ ಹಿಡಿಯಿತು. ಆಗ ಯಾರೋ ಹೇಳಿದರು, ಈಗ ಬೆಡ್‌ಸೈಡ್ ಕಾಟ್ ಬರ್ತದಲ್ಲ, ಒಂದು ಬದಿ ತೆರೆದಿರುತ್ತದೆ, ನಿಮ್ಮ ಮಂಚಕ್ಕೆ ತಾಗಿಸಿ ಇಟ್ಟರೆ ಮಲಗಿದಲ್ಲಿಂದಲೇ ಕೈ ಚಾಚಿ ಮಗುವನ್ನು ಎಳೆದುಕೊಳ್ಳಬಹುದು ಅಂತ.

ಅಂಗಡಿಯ ಹೆಸರು ಬರೆಯುವುದಿಲ್ಲ. ಬೆಲೆ 9,800 ರೂಪಾಯಿ. ಅಲ್ಲಿ ಕಾಟನ್ನು ಒಂದು ಡಿಸ್‌ಪ್ಲೇ ಮಂಚದ ಪಕ್ಕ ಇಟ್ಟಿದ್ದರು. ಎರಡೂ ಹಾಸಿಗೆ ಒಂದಕ್ಕೊಂದು ಅಂಟಿಕೊಂಡು, ಒಂದೇ ಹಾಸಿಗೆಯ ಹಾಗೆ ಕಾಣುತ್ತಿತ್ತು. "ಯಾವ ಮಂಚಕ್ಕೂ ಸೆಟ್ ಆಗ್ತದೆ ಅಕ್ಕ. ಏಳು ಹೈಟ್ ಉಂಟು, ಬೆಲ್ಟ್ ಉಂಟು, ಚಕ್ರ ಉಂಟು" ಅಂದ ಹುಡುಗ. ನಾವೂ ಚಕ್ರ ಉರುಳಿಸಿ ನೋಡಿದೆವು, ಬಟ್ಟೆಯ ಬಣ್ಣ ನೋಡಿದೆವು. ನಮ್ಮ ಮಂಚ ಎಂಥದ್ದು ಅಂತ ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಮ್ಮದು ಅತ್ತೆಯ ಕಾಲದ ಹಲಸಿನ ಮರದ ಮಂಚ. ನಾಲ್ಕು ಜನ ಸೇರಿದರೆ ಮಾತ್ರ ಅಲುಗುತ್ತದೆ. ಅದರಲ್ಲಿ ಹಾಸಿಗೆ ಮೇಲೆ ಕೂರುವುದಿಲ್ಲ, ಸುತ್ತಲಿನ ಪಟ್ಟಿಯ ಒಳಗೆ ಕೂರುತ್ತದೆ. ಪಟ್ಟಿಯ ದಪ್ಪ ಒಂದೂವರೆ ಇಂಚು. ಪಟ್ಟಿಗೂ ಹಾಸಿಗೆಗೂ ನಡುವೆ, ಬೆಡ್‌ಶೀಟ್ ಸಿಕ್ಕಿಸಲು ಅಂತ ಬಿಟ್ಟ ಜಾಗ ಇನ್ನೊಂದು ಇಂಚು. ಲೆಕ್ಕ ಹಾಕಿ. ಕಾಟನ್ನು ಎಷ್ಟೇ ಒತ್ತಿ ತಾಗಿಸಿದರೂ ಅದು ತಾಗುವುದು ಮರಕ್ಕೆ, ಹಾಸಿಗೆಗಲ್ಲ. ಎರಡು ಹಾಸಿಗೆಗಳ ನಡುವೆ ಎರಡೂವರೆ ಇಂಚು ಸಂದಿ ಇದ್ದೇ ಇರುತ್ತದೆ. ಬೆಲ್ಟ್ ಬಿಗಿದರೂ ಅಷ್ಟೇ, ದೇವರೇ ಬಂದು ಬಿಗಿದರೂ ಅಷ್ಟೇ. ಊರಲ್ಲಿ ಮರದ ಮಂಚ ಇರುವ ಮನೆಗಳಲ್ಲಿ ಹೆಚ್ಚಿನವು ಇಂಥವೇ. ಅಂಗಡಿಯ ಡಿಸ್‌ಪ್ಲೇ ಮಂಚ ಮಾತ್ರ ಚಪ್ಪಟೆ ಹಲಗೆಯ ಮೇಲೆ ಹಾಸಿಗೆ ಇಟ್ಟದ್ದು.

ಬೆಲ್ಟಿನ ಕತೆ ಬೇರೆ. ಅದನ್ನು ಹಾಸಿಗೆಯ ಅಡಿಯಿಂದ ತೂರಿಸಿ, ಮಂಚದ ಆಚೆ ಬದಿಯ ಪಟ್ಟಿಗೆ ಸುತ್ತಿ ಎಳೆದು ಬಿಗಿಯಬೇಕು. ಆಗಲೇ ಕಾಟ್ ಮಂಚದ ಕಡೆಗೆ ಎಳೆದುಕೊಂಡು ನಿಲ್ಲುವುದು. ನಮ್ಮ ಆರಡಿ ಅಗಲದ ಮಂಚಕ್ಕೆ ಅದು ಸಾಲಲಿಲ್ಲ. ನನ್ನ ಗಂಡ ಅದನ್ನು ಈಚೆ ಬದಿಯ ಕಾಲಿಗೇ ಸುತ್ತಿ ಗಂಟು ಹಾಕಿದರು. ನೋಡುವುದಕ್ಕೆ ಭದ್ರ. ಆದರೆ ಕಾಟಿನ ಚಕ್ರಗಳ ಅಡಿ ಟೈಲ್ಸ್ ನೆಲ, ಅದೂ ನಮ್ಮ ಮಳೆಗಾಲದಲ್ಲಿ ಬೆವರಿ ಜಾರುವ ಟೈಲ್ಸ್. ಎರಡು ಚಕ್ರಕ್ಕೆ ಮಾತ್ರ ಲಾಕ್. ಪ್ರತಿ ಸಲ ನಾನು ಮಗುವನ್ನು ಎಳೆದುಕೊಳ್ಳಲು ಅಂಚಿಗೆ ಮೊಣಕೈ ಊರಿದಾಗಲೂ ಕಾಟ್ ಒಂದು ಅಕ್ಕಿಕಾಳಿನಷ್ಟು ದೂರ ಸರಿಯುತ್ತಿತ್ತು. ಒಂದು ರಾತ್ರಿಗೆ ಅದೇನು ದೊಡ್ಡದಲ್ಲ. ಮೂರು ವಾರಕ್ಕೆ ದೊಡ್ಡದೇ.

ಸಂದಿ ಕಣ್ಣಿಗೆ ಬೀಳಲಿಲ್ಲ ಅಂತಲ್ಲ, ಮೊದಲ ದಿನವೇ ಬಿತ್ತು. ಅದಕ್ಕೆ ಮಾಡಿದ ಉಪಾಯ ಇದೆಯಲ್ಲ, ನಿಜವಾದ ತಪ್ಪು ಅದು. "ಎರಡು ಬೈರಾಸ್ ಸುತ್ತಿ ತುರುಕಿದ್ರೆ ಆಯ್ತಲ್ಲ ಮಗಾ" ಅಂದರು ಅತ್ತೆ. ಬೈರಾಸ್ ಅಂದರೆ ನಮ್ಮ ಕಡೆ ಟವೆಲ್. ನನಗೂ ಸರಿ ಅನಿಸಿತು. ಎರಡು ಬೈರಾಸನ್ನು ಸುರುಳಿ ಸುತ್ತಿ ಸಂದಿಗೆ ತುರುಕಿ, ಕಾಟಿಗೂ ನಮ್ಮ ಹಾಸಿಗೆಗೂ ಸೇರಿಸಿ ಒಂದೇ ಹಳೇ ಕಾಟನ್ ಸೀರೆ ಹಾಸಿದೆ. ಎಷ್ಟು ಚಂದ ಕಾಣುತ್ತಿತ್ತೆಂದರೆ ಫೋಟೊ ತೆಗೆದು ತಂಗಿಗೆ ಕಳಿಸಿದ್ದೆ. ನಮ್ಮ ರಸ್ತೆಯ ಹೊಂಡಗಳು ಬೇಸಿಗೆಯಲ್ಲಿ ಯಾರನ್ನೂ ಬೀಳಿಸುವುದಿಲ್ಲ. ಮಳೆನೀರು ತುಂಬಿ ರಸ್ತೆ ಸಮ ಕಂಡಾಗಲೇ ಸ್ಕೂಟರಿನವರು ಬೀಳುವುದು. ಆ ಸೀರೆ ಮಾಡಿದ್ದೂ ಅದನ್ನೇ. ಮೇಲಿಂದ ಸಮ, ಅಡಿಯಲ್ಲಿ ದಿನದಿನಕ್ಕೆ ಅಗಲವಾಗುತ್ತಿದ್ದ ಸಂದಿ, ಕುಸಿಯುತ್ತಿದ್ದ ಬೈರಾಸು.

ಜುಲೈಯಲ್ಲಿ, ಅವಳಿಗೆ ನಾಲ್ಕು ತಿಂಗಳು ತುಂಬಲು ಎರಡು ದಿನ ಇದ್ದಾಗ, ರಾತ್ರಿ ಮೂರರ ಹೊತ್ತಿಗೆ ಕರೆಂಟ್ ಹೋಯಿತು. ಫ್ಯಾನ್ ನಿಂತ ಶೆಕೆಗೆ ನನಗೆ ಎಚ್ಚರ. ಮೇಲಿನ ಮನೆಯ ತಗಡಿನ ಶೀಟಿಗೆ ಮಳೆ ಹೊಡೆಯುತ್ತಿತ್ತು, ಬೇರೆ ಏನೂ ಕೇಳುತ್ತಿರಲಿಲ್ಲ. ಅಭ್ಯಾಸಬಲದಿಂದ ಮಗುವಿನ ಹೊಟ್ಟೆಯ ಮೇಲೆ ಕೈ ಇಡಲು ಹೋದೆ. ಕೈಗೆ ಸಿಕ್ಕಿದ್ದು ಬೆನ್ನು. ಅವಳು ಅಲ್ಲಿಯವರೆಗೆ ಒಂದು ಸಲವೂ ಮಗುಚಿದವಳಲ್ಲ. ಮೊದಲ ಸಲ ಮಗುಚಿದ್ದು ಆ ರಾತ್ರಿ, ಸಂದಿಯ ಕಡೆಗೆ. ಮೊಬೈಲ್ ಟಾರ್ಚ್ ಹಾಕಿದೆ. ಸೀರೆ ತೊಟ್ಟಿಯ ಹಾಗೆ ಒಳಗೆ ಇಳಿದಿತ್ತು, ಅವಳ ಮೂಗು ಬಾಯಿ ಅದರೊಳಗೆ. ಒಂದು ಕೆನ್ನೆ ಹಲಸಿನ ಪಟ್ಟಿಗೆ ಒತ್ತಿತ್ತು. ಅಳುತ್ತಿರಲಿಲ್ಲ.

ಎಳೆದು ಎತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅತ್ತಳು. ಅಪಾರ್ಟ್‌ಮೆಂಟಿನ ಎರಡು ಮಹಡಿಗೆ ಕೇಳುವ ಹಾಗೆ ಅತ್ತಳು. ಕೆನ್ನೆಯ ಮೇಲೆ ಪಟ್ಟಿಯ ಅಂಚಿನ ಕೆಂಪು ಗೆರೆ ಬೆಳಿಗ್ಗೆಯವರೆಗೂ ಇತ್ತು.

ಮರುದಿನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನೋಡಿ, ಏನೂ ತೊಂದರೆ ಇಲ್ಲ ಎಂದರು. "ಉಸಿರು ಕಟ್ಟಿದ್ರೆ ಅಳುವುದಿಲ್ವಾ ಡಾಕ್ಟ್ರೇ, ನನಗೆ ಯಾಕೆ ಕೇಳಲಿಲ್ಲ?" ಅಂತ ಕೇಳಿದೆ. "ಅಳಬೇಕಾದರೆ ಮೊದಲು ಉಸಿರು ಬೇಕಲ್ಲಮ್ಮ" ಅಂದರು. ಆ ಮಾತು ಕೇಳಿದ ಮೇಲೆ ಕೆಲವು ದಿನ ನಾನು ಸರಿಯಾಗಿ ಮಲಗಲಿಲ್ಲ.

ಆಮೇಲೆ ಓದಲು ಕೂತೆ. ತರುವ ಮೊದಲು ಓದಬೇಕಾದದ್ದನ್ನು ತಂದ ಮೇಲೆ ಓದುವುದು ನಮ್ಮ ಮನೆಯ ಪದ್ಧತಿ. ಇಂಥ ಕಾಟುಗಳಿಗೆ ಅಮೆರಿಕದಲ್ಲಿ 2014ರಿಂದ ಪ್ರತ್ಯೇಕ ಸುರಕ್ಷತಾ ನಿಯಮ ಇದೆ. ಯುರೋಪಿನದ್ದು ಇಎನ್ 1130, ಪರಿಷ್ಕಾರವಾದದ್ದು 2019ರಲ್ಲಿ. ನಮ್ಮ ಪೆಟ್ಟಿಗೆಯ ಮೇಲೆ ದೊಡ್ಡದಾಗಿ "ಯುರೋಪಿಯನ್ ಸ್ಟ್ಯಾಂಡರ್ಡ್" ಅಂತ ಇತ್ತು, ನಂಬರ್ ಎಲ್ಲೂ ಇರಲಿಲ್ಲ. ನಂಬರ್ ಇಲ್ಲದ ಸ್ಟ್ಯಾಂಡರ್ಡ್ ಅಂದರೆ ಬಾಗಿಲ ನಂಬರ್ ಇಲ್ಲದ ವಿಳಾಸ. ಇನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಹೇಳಿದ್ದು: ಮಗು ಕನಿಷ್ಠ ಆರು ತಿಂಗಳು ತಂದೆತಾಯಿಯ ಕೋಣೆಯಲ್ಲೇ, ಆದರೆ ತನ್ನದೇ ಬೇರೆ ಹಾಸಿಗೆಯಲ್ಲಿ, ಅಂಗಾತ ಮಲಗಬೇಕು. ಹಾಸಿಗೆ ಗಟ್ಟಿ ಇರಬೇಕು, ಚಪ್ಪಟೆ ಇರಬೇಕು, ಮೇಲೆ ದಿಂಬು, ರಜಾಯಿ, ಮೆತ್ತನೆಯ ಸಾಮಾನು ಯಾವುದೂ ಇರಬಾರದು. ಅಂದರೆ ತಲೆ ಉರುಟಾಗಲಿ ಅಂತ ನನ್ನ ಅಮ್ಮ ಹೊಲಿದು ಕೊಟ್ಟ ಸಾಸಿವೆ ದಿಂಬೂ ಇಲ್ಲ. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗೆ ಬರಲು ಇನ್ನೂ ಒಂದು ವಾರ ಬೇಕಾಯಿತು.

ಈಗ ನಿಮಗೆ ಹೇಳುವುದು ಇಷ್ಟು. ಕಾಟ್ ನೋಡಲು ಹೋಗುವ ಮೊದಲು ಟೇಪ್ ಹಿಡಿದು ನಿಮ್ಮ ಮಂಚದ ಹತ್ತಿರ ಹೋಗಿ. ನೆಲದಿಂದ ಹಾಸಿಗೆಯ ಮೇಲ್ಮೈವರೆಗಿನ ಎತ್ತರ ಅಳೆಯಿರಿ, ಖಾಲಿ ಹಾಸಿಗೆಯದ್ದು ಒಮ್ಮೆ, ನೀವು ಅಂಚಿನಲ್ಲಿ ಮಲಗಿದಾಗ ಇನ್ನೊಮ್ಮೆ. ಸ್ಪ್ರಿಂಗ್ ಹಾಸಿಗೆಯಾದರೆ ಈ ಎರಡರ ವ್ಯತ್ಯಾಸ ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ಹಾಸಿಗೆ ಪಟ್ಟಿಯ ಒಳಗೆ ಕೂರುವ ಮಂಚವಾದರೆ ಈ ಯೋಚನೆಯನ್ನೇ ಬಿಡಿ, ದುಡ್ಡು ಉಳಿಯಿತು. ಅಡಿಯಲ್ಲಿ ಸಾಮಾನು ತುಂಬುವ ಬಾಕ್ಸ್ ಮಂಚವಾದರೆ ಪ್ಲೈವುಡ್ ನೆಲದವರೆಗೂ ಇಳಿದಿರುತ್ತದೆ, ಕಾಟಿನ ಕಾಲು ಒಳಗೆ ಹೋಗಲು ಜಾಗವೇ ಇರುವುದಿಲ್ಲ, ಅದೂ ಬೇಡ. ಉಳಿದ ಮಂಚಗಳಿಗಾದರೆ ಬೆಲ್ಟ್ ಆಚೆ ಬದಿಗೆ ಮುಟ್ಟುತ್ತದಾ ಅಂತ ಅಂಗಡಿಯಲ್ಲೇ ಬಿಚ್ಚಿಸಿ ಅಳೆಯಿರಿ. ಮತ್ತೆ, ದಯವಿಟ್ಟು, ಸಂದಿ ಇದ್ದರೆ ತುಂಬಬೇಡಿ. ಬೈರಾಸೂ ಬೇಡ, ದಿಂಬೂ ಬೇಡ, ಥರ್ಮೊಕೋಲೂ ಬೇಡ. ಸಂದಿ ಇರುವ ಕಾಟಿನ ಬದಿಯನ್ನು ಪೂರ್ತಿ ಮೇಲೆತ್ತಿ ಜಿಪ್ ಹಾಕಿ, ಮಂಚದಿಂದ ದೂರ ಸರಿಸಿ, ಬೇರೆ ಕಾಟಿನಂತೆಯೇ ಬಳಸಿ. ಅರ್ಧ ಇಳಿಸಿ ಇಡುವುದಂತೂ ಬೇಡವೇ ಬೇಡ.

ಆ ಹುಡುಗ ಇನ್ನೊಂದು ವಿಶೇಷ ತೋರಿಸಿದ್ದ. ತಲೆಯ ಕಡೆಯ ಕಾಲನ್ನು ಎರಡು ಮೆಟ್ಟಿಲು ಏರಿಸಿದರೆ ಹಾಸಿಗೆ ಓರೆಯಾಗುತ್ತದೆ, "ಮಗು ಹಾಲು ಕಕ್ಕುದಿಲ್ಲ ಅಕ್ಕ". ನಾವು ಅದಕ್ಕೂ ಮರುಳಾಗಿದ್ದೆವು. ತಲೆ ಎತ್ತರಿಸಿದರೆ ಹಾಲು ಕಕ್ಕುವುದು ನಿಲ್ಲುವುದಿಲ್ಲ, ಬದಲಿಗೆ ಮಗು ಕೆಳಗೆ ಜಾರಿ ಗದ್ದ ಎದೆಗೆ ಒತ್ತಿ ಉಸಿರಿಗೆ ತೊಂದರೆಯಾಗಬಹುದು ಅಂದರು ಡಾಕ್ಟರು. ಹತ್ತು ಡಿಗ್ರಿಗಿಂತ ಹೆಚ್ಚು ಓರೆ ಇರುವ ಮಗುವಿನ ಹಾಸಿಗೆಗಳನ್ನು ಅಮೆರಿಕ 2022ರಲ್ಲಿ ಕಾನೂನು ತಂದು ನಿಷೇಧಿಸಿದೆ. ನಮ್ಮದು ಎಷ್ಟು ಡಿಗ್ರಿ ಇತ್ತೋ, ಅಳೆಯಲಿಲ್ಲ.

ಸೊಳ್ಳೆ ಪರದೆಯ ವಿಷಯವನ್ನೂ ಹೇಳಬೇಕು. ಮಂಗಳೂರಲ್ಲಿ ಮಲೇರಿಯಾ, ಡೆಂಗಿ ಹೆದರಿಕೆ ಇಲ್ಲದ ಮನೆ ಇಲ್ಲ. ಕಾಟಿನ ಜೊತೆ ಗುಮ್ಮಟದಂಥ ಚಂದದ ಪರದೆ ಕೊಟ್ಟಿದ್ದರು. ಬದಿ ತೆರೆದರೆ ಪರದೆಯೂ ತೆರೆದೇ ಇರುತ್ತದೆ ಎನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು. ಕೊನೆಗೆ ಮಂಚ, ಕಾಟ್ ಎರಡನ್ನೂ ಮುಚ್ಚುವ ಹಾಗೆ ಬೇರೆ ಪರದೆ ಹೊಲಿಸಿದೆವು, ಅದಕ್ಕೆ ಬೇರೆ ದುಡ್ಡು.

ಇನ್ನೊಂದು ಲೆಕ್ಕ. ಮಗು ಕೈ ಮಂಡಿ ಊರಿ ಏಳಲು ಅಥವಾ ತಾನೇ ಕೂರಲು ಶುರು ಮಾಡಿದರೆ ಈ ಕಾಟಿನ ಆಯುಷ್ಯ ಮುಗಿಯಿತು, ಸುಮಾರಾಗಿ ಐದಾರು ತಿಂಗಳಿಗೆ. ಜೊತೆಗೆ ಕೊಟ್ಟ ಚೀಟಿಯ ಕೊನೆಯಲ್ಲಿ ಇರುವೆ ಅಕ್ಷರದಲ್ಲಿ ಅದು ಇದೆ. ಮೂರು ತಿಂಗಳ ಮಗುವಿಗೆ ತಂದರೆ ಎಷ್ಟು ದಿನ ಬಂತು ನೀವೇ ನೋಡಿ.

ಅಂಗಡಿಗೆ ವಾಪಸ್ ಹೋದೆವು. "ನೀವು ಕಟ್ಟಿದ್ದು ಸರಿ ಇಲ್ಲ" ಎಂದರು. ಬಿಲ್ಲಿನ ಅಡಿಯಲ್ಲಿ ಮಾರಿದ ಮಾಲು ವಾಪಸ್ ಇಲ್ಲ ಅಂತ ಸೀಲು. ನಾವು ಸುಮ್ಮನೆ ಬರುವವರಿದ್ದೆವು, ಆದರೆ ಗಂಡನ ಸ್ನೇಹಿತರೊಬ್ಬರು ವಕೀಲರು, ಅವರು ಬಿಡಲಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ, ಸರಿಯಾಗಿ ಬಳಸುವ ಬಗ್ಗೆ ಸಾಕಷ್ಟು ಸೂಚನೆ, ಎಚ್ಚರಿಕೆ ಕೊಡದಿದ್ದರೂ ತಯಾರಕರು ಹೊಣೆ. ದೋಷ ಇರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ನಾವು ಹೋಗಿದ್ದು ತಂದ ಇಪ್ಪತ್ತಾರನೇ ದಿನ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಎರಡು ವಾರ ಎಳೆದಾಡಿ ಕೊನೆಗೆ ಅಂಗಡಿಯವರು 6,000 ಕೊಟ್ಟರು, "ಬಳಸಿದ ಕಾಟ್ ನಮಗೆ ಬೇಡ, ನೀವೇ ಇಟ್ಟುಕೊಳ್ಳಿ" ಅಂದರು. ಜಿಲ್ಲಾ ಗ್ರಾಹಕ ಆಯೋಗದವರೆಗೆ ಹೋಗುವ ಚೈತನ್ಯ ನಾಲ್ಕು ತಿಂಗಳ ಮಗುವಿನ ಮನೆಯಲ್ಲಿ ಇರಲಿಲ್ಲ. ಬಿಲ್ಲು ಮಾತ್ರ ಬಿಸಾಡಬೇಡಿ.

ಈಗ ಅವಳು ಮಲಗುವುದು ನಾಲ್ಕೂ ಬದಿ ಮುಚ್ಚಿದ ಸಾದಾ ಮರದ ಕಾಟಿನಲ್ಲಿ, ನಮ್ಮ ಮಂಚದಿಂದ ಒಂದು ಕೈ ದೂರ. ಕಂಬಿಗಳ ನಡುವಿನ ಅಂತರ ಆರು ಸೆಂಟಿಮೀಟರಿಗಿಂತ ಕಡಿಮೆ ಇದೆಯಾ, ಹಾಸಿಗೆಗೂ ಅಂಚಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿ ಇಲ್ಲ ತಾನೇ ಅಂತ ಅಂಗಡಿಯಲ್ಲೇ ಅಳೆದು ತಂದದ್ದು. ರಾತ್ರಿ ಏಳಲೇಬೇಕು. ಸೊಂಟ ಇನ್ನೂ ನೋಯುತ್ತದೆ.

ಹಳೆಯ ಕಾಟ್ ಸ್ವಲ್ಪ ದಿನ ಸಿಟೌಟಿನಲ್ಲಿ ಬಿದ್ದಿತ್ತು. ಮಳೆಗೆ ಅದರ ಫೋಮ್ ಹಾಸಿಗೆಗೆ ಬೂಸ್ಟು ಹಿಡಿಯಿತು. ಕೆಳಗಿನ ಮನೆಯವರ ಸೊಸೆಗೆ ಏಳು ತಿಂಗಳು, ಅವರು ಬಂದು "ನಿಮಗೆ ಬೇಡದಿದ್ರೆ ನಮಗೆ ಕೊಡಿ, ಹಾಸಿಗೆ ನಾವು ಬೇರೆ ಹಾಕ್ತೇವೆ" ಎಂದರು. ಅವರ ಮಂಚವೂ ಪಟ್ಟಿಯದ್ದೇ, ನಾನು ನೋಡಿದ್ದೇನೆ. ಇಲ್ಲ ಎಂದೆ, ಸ್ವಲ್ಪ ಬೇಸರವಾಯಿತು ಅವರಿಗೆ. ಗುಜರಿಯವನು ಬಂದ ದಿನ ಕತ್ತರಿ ತಂದು ಎರಡೂ ಬೆಲ್ಟ್, ಬದಿಯ ಬಲೆ ಕತ್ತರಿಸಿ, ಕಬ್ಬಿಣದ ಕಾಲುಗಳನ್ನು ಮಾತ್ರ ಅವನ ಗಾಡಿಗೆ ಹಾಕಿಸಿದೆ. ತೂಕ ನೋಡಿ 140 ರೂಪಾಯಿ ಕೊಟ್ಟ.