ರೇಷ್ಮೆ ಸೀರೆಯ ಮೇಕಪ್ ಕಲೆಗೆ ಬ್ಲೀಚ್ ಹಾಕೋಕೆ ಬಿಡಬೇಡಿ

ರೇಷ್ಮೆ ಸೀರೆಗೆ ಫೌಂಡೇಶನ್ನೋ ಲಿಪ್‌ಸ್ಟಿಕ್ಕೋ ಹತ್ತಿ, ಲಾಂಡ್ರಿಗೆ ಕೊಡಬೇಕು ಅಂತಿರೋ ದಾವಣಗೆರೆಯ ಅಕ್ಕತಂಗಿಯರು ದಯವಿಟ್ಟು ಇದನ್ನ ಓದಿ. ನಮ್ಮ ಅವ್ವನ ಮೊಳಕಾಲ್ಮೂರು ಸೀರೆ ಹಾಳಾಗಿದೆ. ಅದು ಇನ್ನು ಸರಿಹೋಗಲ್ಲ.

ತಂಗಿ ಧಾರೆಗೆ ಉಟ್ಟಿದ್ದು ಅದೇ ಸೀರೆ. ಕಡುನೇರಳೆ ಮೈ, ಹಸಿರು ಅಂಚು, ಕೈಮಗ್ಗದ್ದು. ಊಟಕ್ಕೆ ಮುಂಚೆ ಮೇಕಪ್ ಸರಿ ಮಾಡುವಾಗ ಸೆರಗಿನ ಮೇಲೆ ಫೌಂಡೇಶನ್ ಚೆಲ್ಲಿತು. ಮರುದಿನ ಊರೊಳಗಿನ ಒಂದು ಲಾಂಡ್ರಿಗೆ ಒಯ್ದು, "ಇದು ಫೌಂಡೇಶನ್ ರೀ, ಡ್ರೈ ವಾಶ್ ಮಾತ್ರ ಮಾಡ್ರಿ" ಅಂತ ಅವ್ವನೇ ನಿಂತು ಹೇಳಿದಳು. "ಏನೂ ಆಗಲ್ಲ ಬಿಡ್ರಿ ಅಮ್ಮ, ಕಲೆ ಇತ್ತು ಅಂತಾನೇ ಗೊತ್ತಾಗಲ್ಲ" ಅಂದರು.

ವಾಪಸ್ ಬಂದ ಸೀರೆ ಬಿಚ್ಚಿದರೆ ಸೆರಗಿನಲ್ಲಿ ನೇರಳೆ ಬಣ್ಣ ಹಾರಿ ಹಳದಿ ಮಚ್ಚೆ ಎದ್ದಿತ್ತು. ಅದರ ನಡುವೆ ಫೌಂಡೇಶನ್ ಕಲೆ ಹಾಗೇ ಕೂತಿತ್ತು, ಮೇಲೆ ಇಸ್ತ್ರಿ ಬೇರೆ ಹೊಡೆದಿದ್ದರು. ಬೆರಳಿಂದ ಸ್ವಲ್ಪ ಎಳೆದಿದ್ದಕ್ಕೇ ಎಳೆ ಕಿತ್ತು ಬಂತು. ಕೇಳಿದಾಗ, "ಡ್ರೈ ವಾಶ್‌ಗೆ ಕಲೆ ಹೋಗಲಿಲ್ಲ, ಅದಕ್ಕೆ ಒಂಚೂರು ಬ್ಲೀಚ್ ಹಚ್ಚಿದ್ವಿ" ಅಂದರು. ಹಚ್ಚೋ ಮುಂಚೆ ಒಂದು ಫೋನ್ ಮಾಡಲಿಲ್ಲ. ರಸೀದಿ ತಿರುಗಿಸಿ "ಬಣ್ಣ ಹೋದರೆ ನಾವು ಜವಾಬ್ದಾರರಲ್ಲ" ಅನ್ನೋ ಸಾಲು ತೋರಿಸಿದರು. ಅವ್ವ ಅಲ್ಲೇ ಅತ್ತುಬಿಟ್ಟಳು.

ರೇಷ್ಮೆ ಅಂದರೆ ಪ್ರೋಟೀನ್, ನಮ್ಮ ಕೂದಲಿನ ಹಾಗೆ. ಬಿಳಿ ಬಟ್ಟೆಗೆ ಹಾಕೋ ಕ್ಲೋರಿನ್ ಬ್ಲೀಚ್ ಪ್ರೋಟೀನನ್ನೇ ತಿನ್ನುತ್ತೆ. ಗಟ್ಟಿ ಬ್ಲೀಚಿನಲ್ಲಿ ರೇಷ್ಮೆ ಎಳೆ ನೆನೆಸಿಟ್ಟರೆ ಕರಗಿಯೇ ಹೋಗುತ್ತೆ. ಉಣ್ಣೆಗೂ ಇದೇ ಗತಿ. ಇನ್ನು ಫೌಂಡೇಶನ್ನಿನ ಬಣ್ಣ ಬರೋದು ಹೆಚ್ಚಾಗಿ ಐರನ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಅನ್ನೋ ಖನಿಜದ ಪುಡಿಗಳಿಂದ. ಬ್ಲೀಚ್ ಅವುಗಳ ಬಣ್ಣ ತೆಗೆಯಲ್ಲ. ಹಾಗಾಗಿ ಸೀರೆಯ ಬಣ್ಣ ಹೋಯಿತು, ಕಲೆ ಉಳಿಯಿತು. ಆ ಪುಡಿಯನ್ನ ಬಟ್ಟೆಗೆ ಹಿಡಿಸಿರೋದು ಎಣ್ಣೆ, ಸಿಲಿಕೋನ್. ತೆಗೀಬೇಕಾದ್ದು ಆ ಜಿಡ್ಡನ್ನ. ಇಸ್ತ್ರಿಯ ಬಿಸಿಗೆ ಅದು ಇನ್ನೂ ಗಟ್ಟಿಯಾಗಿ ಕೂರುತ್ತೆ.

ಅದಕ್ಕೇ ರೇಷ್ಮೆಗೆ ಕಲೆ ಆದರೆ ಉಜ್ಜಬೇಡಿ, ನೀರು ಹಾಕಬೇಡಿ. ಒಣ ಹತ್ತಿಬಟ್ಟೆಯಿಂದ ಒತ್ತಿ ಒತ್ತಿ ತೆಗೆದು, ಮೇಲೆ ಟಾಲ್ಕಂ ಪೌಡರ್ ಉದುರಿಸಿ ಜಿಡ್ಡು ಹೀರಲು ಬಿಡಿ, ಆಮೇಲೆ ಕೊಡವಿ ಬೇಗ ಡ್ರೈ ವಾಶ್‌ಗೆ ಕೊಡಿ. "ಬ್ಲೀಚ್ ಹಾಕಬಾರದು, ಕಲೆ ಇದ್ದರೆ ಇಸ್ತ್ರಿ ಮಾಡಬಾರದು" ಅಂತ ರಸೀದಿಯಲ್ಲೇ ಬರೆಸಿ. ಬರೆಯಲ್ಲ ಅಂದರೆ ಬೇರೆ ಅಂಗಡಿ ನೋಡಿ. ಸೀರೆಯ ಫೋಟೋ ಅಲ್ಲೇ ತೆಗೆದಿಟ್ಟುಕೊಳ್ಳಿ.

ದಿಂಬಿನ ಕವರ್, ಟವೆಲ್, ಕಾಟನ್ ಚೂಡಿದಾರದ್ದು ಇಷ್ಟು ಕಷ್ಟವಿಲ್ಲ. ಪಾತ್ರೆ ತೊಳೆಯೋ ಲಿಕ್ವಿಡ್ ಹಚ್ಚಿ 10–15 ನಿಮಿಷ ಬಿಟ್ಟು, ಕಲೆಯ ಹಿಂಬದಿಯಿಂದ ತಣ್ಣೀರು ಬಿಟ್ಟು ತೊಳೆಯಿರಿ. ಕಾಡಿಗೆ, ಮಸ್ಕಾರಾಕ್ಕೂ ಇದೇ. ಲಿಪ್‌ಸ್ಟಿಕ್‌ನಲ್ಲಿ ಮೇಣ ಇರುತ್ತೆ, ಮೊದಲು ಚಮಚದ ಅಂಚಿನಿಂದ ಹೆರೆದು ತೆಗೆಯಿರಿ. ಕಲೆ ಪೂರ್ತಿ ಹೋಗೋವರೆಗೆ ಇಸ್ತ್ರಿ ಮುಟ್ಟಬೇಡಿ.

ನೇಲ್ ಪಾಲಿಶ್ ರಿಮೂವರನ್ನ ಕಣ್ಣುಮುಚ್ಚಿ ಹಾಕಬೇಡಿ. ಅದರಲ್ಲಿ ಅಸಿಟೋನ್ ಇದ್ದು, ಬಟ್ಟೆ ಅಸಿಟೇಟ್ ಅನ್ನೋ ಕೃತಕ ನೂಲಿನದ್ದಾಗಿದ್ದರೆ ತೂತು ಬೀಳುತ್ತೆ. ಬ್ಲೀಚ್ ಜೊತೆ ವಿನೆಗರ್ ಅಥವಾ ಟಾಯ್ಲೆಟ್ ಕ್ಲೀನರ್ ಅಂತೂ ಬೇಡವೇ ಬೇಡ. ಅದರಿಂದ ಕ್ಲೋರಿನ್ ವಿಷಗಾಳಿ ಏಳುತ್ತೆ. ಬಟ್ಟೆ ಹೋದರೆ ಹೋಯಿತು, ಉಸಿರಿಗೇ ಕುತ್ತು.

ರಸೀದಿಯ ಆ ಒಂದು ಸಾಲಿಗೆ ಹೆದರಿ ಸುಮ್ಮನಾಗಬೇಡಿ. ದುಡ್ಡು ತಗೊಂಡು ಮಾಡೋ ಸೇವೆಯಲ್ಲಿ ಲೋಪ ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನಾವು ಸೀರೆಯನ್ನ ಮತ್ತೆ ಒಗೆಸದೆ, ರಸೀದಿ, ಮದುವೆ ಫೋಟೋ ಜೊತೆ ಹಾಗೇ ತೆಗೆದಿಟ್ಟಿದ್ದೀವಿ. ದೂರಿನ ಅರ್ಜಿ ಬರೀತಾ ಇದ್ದೀವಿ.